ಒಡೆದ ಹಾಲಿನ ತಿಳಿ

(ಬಾಗಲಗುಂಟೆಯ ನಮ್ಮ ಬಡಾವಣೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮೊದಲು ಈ ಒಲೆ ಹಚ್ಚಿಬಿಡುತ್ತೇನೆ. ಒಂದು ಲೀಟರ್ ಹಾಲು ಕಾಯುವುದಕ್ಕೆ ಎಂಟು-ಹತ್ತು ನಿಮಿಷ ಬೇಕು, ನನ್ನ ಪೀಠಿಕೆಗೂ ಅಷ್ಟೇ ಹೊತ್ತು ಸಾಕು. ಇಂಡಕ್ಷನ್ ಒಲೆ, ಸ್ಟೀಲ್ ಪಾತ್ರೆ, ಎರಡು ನಿಂಬೆಹಣ್ಣು, ಹಳೇ ಪಂಚೆಯ ತುಂಡು ಹಿಡಿದುಕೊಂಡು ಬಂದವಳನ್ನು ನೋಡಿ ಕಾರ್ಯದರ್ಶಿಗಳು ಬಾಗಿಲಲ್ಲೇ, "ಮೇಡಂ, ಅಡುಗೆ ಸ್ಪರ್ಧೆ ಹೋದ ತಿಂಗಳೇ ಮುಗೀತಲ್ಲ" ಎಂದರು. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವಳು ನಾನು. ಪ್ರಾಕ್ಟಿಕಲ್ ಇಲ್ಲದೆ ಪಾಠ ಮಾಡಿ ಅಭ್ಯಾಸವಿಲ್ಲ.

ಈ ದತ್ತಿ ಇಟ್ಟವರು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಹೆಸರು ವೇದಿಕೆಯಲ್ಲಿ ಹೇಳಕೂಡದು ಎಂಬುದು ಅವರ ಮೊದಲ ಷರತ್ತು. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಆ ತಾಯಿ ಎರಡು ಎಮ್ಮೆ ಕಟ್ಟಿಕೊಂಡು, ಪೀಣ್ಯದ ಕಡೆ ಮನೆಮನೆಗೆ ವರ್ತನೆ ಹಾಲು ಹಾಕಿ ಮಕ್ಕಳನ್ನು ಓದಿಸಿದರಂತೆ. ಎರಡನೇ ಷರತ್ತು, ಮಾತು ಊಟಕ್ಕೆ ಸಂಬಂಧಪಟ್ಟದ್ದಾಗಿರಬೇಕು, ಕೇಳಿದವರಿಗೆ ಮನೆಗೆ ಹೋದ ಮೇಲೆ ಉಪಯೋಗಕ್ಕೆ ಬರಬೇಕು. ಇಂಥ ಷರತ್ತನ್ನು ವಿಶ್ವವಿದ್ಯಾಲಯಗಳೂ ಹಾಕಿದರೆ ಎಷ್ಟು ಚೆನ್ನಾಗಿರುತ್ತದೆ ಎನ್ನಿಸಿತು. ಇರಲಿ.

ಹಾಲು ಒಡೆದರೆ ಗಟ್ಟಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಆ ನೀರಿಗೆ ಕನ್ನಡದಲ್ಲಿ ಏನನ್ನುತ್ತೀರಿ? ವಾರದಿಂದ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಹಾಲಿನ ಬೂತಿನವರು "ಪನೀರ್ ನೀರು" ಅಂದರು. ಹೂವಿನಮ್ಮ "ಒಡೆದಾಲಿನ ನೀರು" ಅಂದರು. ನನ್ನ ತಂಗಿ ಫೋನಿನಲ್ಲಿ "ಅದಕ್ಕೊಂದು ಹೆಸರು ಬೇರೆ ಕೇಡು" ಎಂದಳು. ಪುಸ್ತಕದವರು ‘ಹಾಲೊಡಕು’ ಎಂದು ಬರೆಯುತ್ತಾರೆ, ಆದರೆ ಆ ಮಾತನ್ನು ಅಡುಗೆಮನೆಯಲ್ಲಿ ನಿಂತು ಆಡಿದವರನ್ನು ನಾನು ಕಂಡಿಲ್ಲ. ಮೊಸರು ತೋಡಿದ ಜಾಗದಲ್ಲಿ ಊರುವ ನೀರಿಗೆ ನಮ್ಮಮ್ಮ ‘ತಿಳಿ’ ಎನ್ನುತ್ತಿದ್ದಳು. ಸಾರಿನ ತಿಳಿ, ಸುಣ್ಣದ ತಿಳಿ, ಮಜ್ಜಿಗೆ ತಿಳಿ, ಎಲ್ಲಕ್ಕೂ ಅದೇ ಮಾತು. ನಾನೂ ಇವತ್ತು ಅದನ್ನೇ ಹಿಡಿಯುತ್ತೇನೆ.

ಸಂಸ್ಕೃತದವರು ಈ ವಿಷಯದಲ್ಲಿ ಧಾರಾಳಿಗಳು. ಮೊಸರಿನ ತಿಳಿಗೆ ‘ಮಸ್ತು’ ಎಂಬ ಹೆಸರು ಅಮರಕೋಶದಲ್ಲೇ ಇದೆ. ವಾಗ್ಭಟನ ಅಷ್ಟಾಂಗಹೃದಯ ಅದನ್ನು ಹಗುರವಾದದ್ದು, ಮಲಬದ್ಧತೆ ಬಿಡಿಸುವಂಥದ್ದು, ಮೈಯೊಳಗಿನ ದಾರಿಗಳನ್ನು ಚೊಕ್ಕಟ ಮಾಡುವಂಥದ್ದು ಎಂದು ಹೊಗಳುತ್ತದೆ. ಕನ್ನಡಕ್ಕೆ ಅಂಥ ಒಂದು ಗಟ್ಟಿ ಹೆಸರು ಯಾಕೆ ಅಂಟಲಿಲ್ಲ? ನನಗೆ ತೋಚುವ ಕಾರಣ ಇಷ್ಟು: ನಮ್ಮ ಅಡುಗೆಮನೆ ಈ ನೀರನ್ನು ಬೇರೆ ಮಾಡುವ ಗೋಜಿಗೇ ಹೋಗಲಿಲ್ಲ. ಬೇರೆಯಾಗಿ ಕಣ್ಣಿಗೆ ಬೀಳದ್ದಕ್ಕೆ ಹೆಸರಿಡುವವರು ಯಾರು?

ನಮ್ಮಲ್ಲಿ ಹಾಲು ಉಕ್ಕಬೇಕು, ಒಡೆಯಬಾರದು. ಗೃಹಪ್ರವೇಶದ ದಿನ ಹಾಲು ಒಡೆದರೆ ಮನೆಯಾಕೆಯ ಮುಖ ನೋಡಬೇಕು. ಅದೇ ಹಾಲಿಗೆ ಹೆಪ್ಪು ಹಾಕಿದರೆ ಯಾರದ್ದೂ ತಕರಾರಿಲ್ಲ. ಎರಡೂ ಹುಳಿಯ ಕೆಲಸವೇ. ಹೆಪ್ಪಿನಲ್ಲಿ ಹುಳಿ ರಾತ್ರಿಯೆಲ್ಲ ಸದ್ದಿಲ್ಲದೆ ಏರುತ್ತದೆ, ಹಾಲಿನ ಕೇಸಿನ್ ಎಂಬ ಪ್ರೋಟೀನು ನಿಧಾನವಾಗಿ ಬಲೆ ನೇಯ್ದು ನೀರನ್ನೆಲ್ಲ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಹಾಲಿಗೆ ಒಮ್ಮೆಲೇ ಹುಳಿ ಬಿದ್ದರೆ ಬಲೆ ನೇಯಲು ಪುರಸೊತ್ತಿಲ್ಲ, ಮುದ್ದೆ ಕಟ್ಟಿ ನೀರನ್ನು ಆಚೆ ದಬ್ಬುತ್ತದೆ. ಮೊಸರನ್ನು ಕಡೆದರೂ ಆ ನೀರು ಮಜ್ಜಿಗೆಯೊಳಗೇ ಉಳಿಯುತ್ತದೆ. ಅಂದರೆ ನಾವು ಹುಟ್ಟಿದಾಗಿನಿಂದ ಕುಡಿದದ್ದು ಇದನ್ನೇ.

ನಮ್ಮೂರು ಕುಣಿಗಲ್ ಕಡೆ. ಅಜ್ಜಿಯ ಮನೆಯಲ್ಲಿ ಮಜ್ಜಿಗೆ ಗಡಿಗೆ ನೆಲುವಿನ ಮೇಲಿರುತ್ತಿತ್ತು. ಮಜ್ಜಿಗೆ ಹುಳಿ ಹತ್ತಿದ ದಿನ ಅಜ್ಜಿ ಗಡಿಗೆಯನ್ನು ಅಲುಗದ ಹಾಗೆ ಇಳಿಸಿ, ಮೇಲೆ ನಿಂತ ತಿಳಿಯನ್ನು ಬಗ್ಗಿಸಿ ಹೊಸ ನೀರು ಬೆರೆಸುತ್ತಿದ್ದಳು. ಬಗ್ಗಿಸಿದ್ದು ಎಲ್ಲಿಗೆ? ಒಂದು ಪಾಲು ಕರಿಬೇವಿನ ಗಿಡದ ಬುಡಕ್ಕೆ, ಉಳಿದದ್ದು ಕಲಗಚ್ಚಿನ ಬಾನಿಗೆ. ಎಮ್ಮೆಯಿಂದ ಬಂದದ್ದು ಅರ್ಧ ದಿನ ಮನೆಯೊಳಗೆ ಸುತ್ತಿ ಮತ್ತೆ ಎಮ್ಮೆಯ ಬಾಯಿಗೇ ಹೋಗುತ್ತಿತ್ತು. ಇಟಲಿಯ ಪಾರ್ಮಾದಲ್ಲಿ ಚೀಸ್ ಮಾಡಿ ಉಳಿದ ತಿಳಿಯನ್ನು ಹಂದಿಗಳಿಗೆ ಕುಡಿಸುತ್ತಾರೆ, ಆ ಹಂದಿಯ ಮಾಂಸಕ್ಕೆ ಲೋಕದಲ್ಲೆಲ್ಲ ಹೆಸರಿದೆ. ನಮ್ಮಜ್ಜಿಯ ಎಮ್ಮೆಗೆ ಹೆಸರೇನೂ ಬರಲಿಲ್ಲ. ಗಟ್ಟಿ ಹಾಲು ಕೊಡುತ್ತಿತ್ತು, ಅಷ್ಟೆ.

ಹಾಲು ಕಾದಿದೆ, ನೋಡಿ. ಒಂದು ಕುದಿ ಬಂದ ಮೇಲೆ ಒಲೆ ಆರಿಸಿ ಎರಡು ನಿಮಿಷ ಬಿಡಬೇಕು. ಈಗ ನಿಂಬೆರಸ, ಎರಡು ಚಮಚ, ಅಷ್ಟೇ ನೀರು ಬೆರೆಸಿಕೊಂಡದ್ದು. ಸ್ವಲ್ಪಸ್ವಲ್ಪವಾಗಿ ಹಾಕುತ್ತೇನೆ. ಮುಂದಿನ ಸಾಲಿನವರು ಎದ್ದು ಬಂದು ನೋಡಬಹುದು. ಮೊದಲು ಹಾಲಿನ ಅಂಚಿನಲ್ಲಿ ಸಣ್ಣ ರವೆಯ ಹಾಗೆ ಕಾಣುತ್ತದೆ. ಇನ್ನೊಂದು ಚಮಚ. ಈಗ ಮೋಡ ಚೆದುರಿದ ಹಾಗೆ ಬಿಳಿ ತುಣುಕುಗಳು, ಅವುಗಳ ನಡುವೆ ನೀರು. ನೀರು ಇನ್ನೂ ಹಾಲಿನ ಬಣ್ಣದಲ್ಲಿದ್ದರೆ ಹುಳಿ ಸಾಲದು ಎಂದರ್ಥ. ಇನ್ನೊಂದಿಷ್ಟು... ಸಾಕು. ಬಣ್ಣ ನೋಡಿ, ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ, ಎಳೆ ನಿಂಬೆಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ಕದಡಿದ ಹಾಗೆ. ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಬಣ್ಣ ಅದು. ಹಾಲಿನಲ್ಲೂ ಇತ್ತು, ಬಿಳುಪಿನ ಹಿಂದೆ ಅಡಗಿತ್ತು. ಈ ವಸ್ತುವನ್ನು ವಿಜ್ಞಾನಿಗಳು 19ನೇ ಶತಮಾನದಲ್ಲಿ ಮೊದಲು ಗುರುತಿಸಿದ್ದೂ ಹಾಲಿನ ಈ ತಿಳಿಯಲ್ಲೇ.

ಇದನ್ನು ಪಂಚೆಗೆ ಸುರಿದು, ಗಂಟು ಹಾಕಿ, ಈ ಮೈಕಿನ ಸ್ಟ್ಯಾಂಡಿಗೇ ತೂಗುಹಾಕುತ್ತೇನೆ. ಕೆಳಗೆ ಪಾತ್ರೆ ಇದೆ, ತೊಟ್ಟಿಕ್ಕುವ ಸದ್ದು ಮೈಕಿನಲ್ಲಿ ಕೇಳಿಸಿದರೆ ಅದೂ ಉಪನ್ಯಾಸದ ಭಾಗ ಎಂದುಕೊಳ್ಳಿ.

ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಹಸುವಿನ ಹಾಲಿನಿಂದ ಹಿಂಡಿದ ಪನೀರು 150ರಿಂದ 200 ಗ್ರಾಂ ಬರುತ್ತದೆ. ಉಳಿದ ಮುಕ್ಕಾಲು ಲೀಟರಿಗೂ ಹೆಚ್ಚು ತಿಳಿ. ಹಾಲಿನ ಸತ್ವದಲ್ಲಿ ಸುಮಾರು ಅರ್ಧದಷ್ಟು ಈ ತಿಳಿಯಲ್ಲಿ ಹೋಗುತ್ತದೆ ಎಂದರೆ ನಂಬುವುದು ಕಷ್ಟ. ಕೊಬ್ಬು, ಕೇಸಿನ್ ಪನೀರಿನಲ್ಲಿ ಉಳಿದರೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸು ಬಹುಪಾಲು ನೀರಿನ ಜೊತೆ ನಡೆಯುತ್ತದೆ, ಲೀಟರಿಗೆ 45-50 ಗ್ರಾಂ. ನಾವು ಕಾಫಿಗೆ ಹಾಕುವ ಸಕ್ಕರೆಯ ಐದರಲ್ಲೊಂದು ಪಾಲು ಸಿಹಿ ಮಾತ್ರ ಅದಕ್ಕಿರುವುದರಿಂದ ನಾಲಗೆಗೆ ಗೊತ್ತಾಗುವುದಿಲ್ಲ. ಹುಳಿ ಹಾಕಿ ಒಡೆದದ್ದಾದ್ದರಿಂದ ಸುಣ್ಣದ ಅಂಶವೂ ಕರಗಿ ಬಂದಿರುತ್ತದೆ. ಜೊತೆಗೆ ಪೊಟ್ಯಾಸಿಯಂ, ಒಂದಿಷ್ಟು ಪ್ರೋಟೀನು.

ಈ ‘ಒಂದಿಷ್ಟು’ ಎಂಬಲ್ಲಿ ಒಂದು ತೊಡಕಿದೆ. ನಮ್ಮ ಪಕ್ಕದ ಮನೆಯ ಹುಡುಗ ಜಿಮ್ಮಿಗೆ ಹೋಗುತ್ತಾನೆ. ಅವನ ಕೋಣೆಯ ಕಿಟಕಿಯಲ್ಲಿ ಬಕೀಟಿನಷ್ಟು ದೊಡ್ಡ ಕರಿ ಡಬ್ಬಿ, ಮೂರು ಸಾವಿರ ಚಿಲ್ಲರೆ ರೂಪಾಯಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ಈ ತಿಳಿಯ ಇಂಗ್ಲಿಷ್ ಹೆಸರು, ‘ವೇ’. ಅವನಮ್ಮ ಭಾನುವಾರ ಪನೀರ್ ಮಾಡಿ ನೀರನ್ನು ಸಿಂಕಿಗೆ ಸುರಿಯುತ್ತಾರೆ. ನಾನೂ ಮೊದಲು ನಗಾಡಿದೆ, ಮಗ ಡಬ್ಬಿಯಲ್ಲಿ ಕೊಳ್ಳುವುದನ್ನು ತಾಯಿ ಚರಂಡಿಗೆ ಬಿಡುತ್ತಾಳೆ ಅಂತ. ಆಮೇಲೆ ಕೂತು ಯೋಚಿಸಿದರೆ ನನ್ನ ನಗು ಪೂರ್ತಿ ನ್ಯಾಯವಾದದ್ದಲ್ಲ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಪಾಲು ಕೇಸಿನ್, 20 ಪಾಲು ತಿಳಿಯ ಪ್ರೋಟೀನು. ಚೀಸ್ ಕಾರ್ಖಾನೆಗಳಲ್ಲಿ ಹಾಲನ್ನು ಕುದಿಸದೆ, ಉಗುರುಬೆಚ್ಚಗೆ ಇಟ್ಟು, ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಆಗ ಆ 20 ಪಾಲು ಹಾಗೇ ನೀರಿನಲ್ಲಿ ಉಳಿಯುತ್ತದೆ, ಅದನ್ನು ಸೋಸಿ ಒಣಗಿಸಿದರೆ ಡಬ್ಬಿ. ನಾವು ಪನೀರಿಗೆ ಹಾಲನ್ನು ಕುದಿಸುತ್ತೇವಲ್ಲ, ಆ ಬಿಸಿಗೆ ತಿಳಿಯ ಪ್ರೋಟೀನು ಕೆಟ್ಟು ಕೇಸಿನ್ನಿಗೇ ಅಂಟಿಕೊಂಡು ಪನೀರಿಗೆ ಸೇರಿಬಿಡುತ್ತದೆ. ನಮ್ಮ ಪಾತ್ರೆಯ ತಿಳಿಯಲ್ಲಿ ಉಳಿಯುವುದು ಲೀಟರಿಗೆ ನಾಲ್ಕೈದು ಗ್ರಾಂ. ಡಬ್ಬಿಯ ಒಂದು ಚಮಚದ ಲೆಕ್ಕಕ್ಕೆ ಐದಾರು ಲೀಟರ್ ಕುಡಿಯಬೇಕು. ಹಾಗಾಗಿ ಪನೀರ್ ನೀರು ಕುಡಿದರೆ ತೋಳು ಉಬ್ಬುತ್ತದೆ ಎಂದು ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನು ನಂಬಬೇಡಿ.

ಹಾಗಾದರೆ ತಿಳಿಯ ಪ್ರೋಟೀನನ್ನು ನಮ್ಮ ಜನ ತಿಂದೇ ಇಲ್ಲವೇ? ತಿಂದಿದ್ದಾರೆ, ಅದೂ ತಟ್ಟೆ ತುಂಬ. ಗಿಣ್ಣು ನೆನಪು ಮಾಡಿಕೊಳ್ಳಿ.

ಹಸು ಈದ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರೆ ಕಾಲು ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೆಪ್ಪಿಲ್ಲ, ನಿಂಬೆಯಿಲ್ಲ. ಮಾಮೂಲಿ ಹಾಲನ್ನು ಹಾಗೆ ಬೇಯಿಸಿ ನೋಡಿ, ದಿನವೆಲ್ಲ ಬೇಯಿಸಿದರೂ ಕಟ್ಟುವುದಿಲ್ಲ. ಗಿಣ್ಣು ಹಾಲಿನಲ್ಲಿ ಪ್ರೋಟೀನು ನೂರಕ್ಕೆ 14ರ ಆಸುಪಾಸು ಇರುತ್ತದೆ, ಮಾಮೂಲಿ ಹಾಲಿನಲ್ಲಿ ಮೂರು ಚಿಲ್ಲರೆ. ಆ ಹೆಚ್ಚಿನದ್ದರಲ್ಲಿ ಬಹುಪಾಲು ಕೇಸಿನ್ ಅಲ್ಲ, ತಿಳಿಯ ಪ್ರೋಟೀನುಗಳು, ಮುಖ್ಯವಾಗಿ ಕರುವನ್ನು ರೋಗದಿಂದ ಕಾಯುವ ಪ್ರತಿಕಾಯಗಳು. ಬಿಸಿ ತಗಲಿದರೆ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುವುದು ಅವುಗಳ ಗುಣ. ಮೊದಲ ದಿನದ ಹಾಲು ಕಲ್ಲಿನ ಹಾಗೆ ಕಟ್ಟುತ್ತದೆ, ಅದಕ್ಕೇ ಅದಕ್ಕೆ ಮಾಮೂಲಿ ಹಾಲು ಬೆರೆಸುತ್ತಾರೆ. ಎರಡನೇ ದಿನದ್ದು ಮೆತ್ತಗೆ. ಮೂರು ದಿನ ಕಳೆಯಿತೆಂದರೆ ಒಡಕಲು. ನಮ್ಮಜ್ಜಿಗೆ ಪ್ರತಿಕಾಯ ಎಂಬ ಮಾತು ಗೊತ್ತಿರಲಿಲ್ಲ, ಎಷ್ಟನೇ ದಿನದ ಹಾಲಿಗೆ ಎಷ್ಟು ಬೆರೆಸಬೇಕು ಎಂಬುದು ಮಾತ್ರ ಕರಾರುವಾಕ್ಕಾಗಿ ಗೊತ್ತಿತ್ತು. "ಮೊದಲು ಕರು, ಆಮೇಲೆ ನೀವು" ಎಂಬುದು ಅವಳ ಕಟ್ಟಪ್ಪಣೆ. ಪಶುವೈದ್ಯರು ಇವತ್ತಿಗೂ ಹೇಳುವುದು ಅದನ್ನೇ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರು ಹೊಟ್ಟೆ ತುಂಬ ಕುಡಿಯಬೇಕು.

ಗಿಣ್ಣಿನ ತಟ್ಟೆಗೆ ಚಾಕು ಇಳಿಸಿದ ಕೂಡಲೇ ಗೀರಿನಲ್ಲಿ ಬೆಲ್ಲದ ಬಣ್ಣದ ನೀರು ತುಂಬಿಕೊಳ್ಳುತ್ತಿತ್ತು. ಅದೂ ತಿಳಿಯೇ. ನಾವು ಮೊಮ್ಮಕ್ಕಳು ಹೋಳಿಗಿಂತ ಆ ನೀರಿಗೆ ಜಗಳವಾಡುತ್ತಿದ್ದೆವು. ತಟ್ಟೆ ಓರೆ ಮಾಡಿ ಹೀರಿದವನು ಗೆದ್ದ. ಈಗ ನಮ್ಮ ಬೀದಿಗಳಲ್ಲೂ ಗಾಡಿಯಲ್ಲಿ ಗಿಣ್ಣು ಮಾರುತ್ತಾರೆ, ವರ್ಷವೆಲ್ಲ. ಇಷ್ಟೊಂದು ಹಸುಗಳು ಎಲ್ಲಿ ಈಯುತ್ತವೋ ಎಂದು ನನಗೆ ಆಶ್ಚರ್ಯ. ಅಗರ್ ಅಗರ್ ಹಾಕಿ ಕಟ್ಟಿಸಿದ್ದಾದರೆ ಗೀರಿನಲ್ಲಿ ನೀರು ಊರುವುದಿಲ್ಲ, ನಾಲಗೆಯ ಮೇಲೆ ಜಾರುತ್ತದೆ. ನಾನು ಪರೀಕ್ಷೆ ಮಾಡುವ ಬಗೆ ಅದು.

ಬೆಳಗಾವಿಯ ಕುಂದಾಕ್ಕೆ ಬರೋಣ. ಮನೆಯಲ್ಲಿ ಮಾಡುವವರು ಹಾಲನ್ನು ಕುದಿಸಿ, ಸ್ವಲ್ಪ ಬತ್ತಿದ ಮೇಲೆ ಮೊಸರು ಹಾಕುತ್ತಾರೆ. ಹಾಲು ಒಡೆಯುತ್ತದೆ. ಬಂಗಾಳಿ ಮಿಠಾಯಿಯವನಾದರೆ ಅಲ್ಲಿಗೆ ಬಟ್ಟೆ ಹಿಡಿದು ನೀರು ಬಸಿಯುತ್ತಿದ್ದ. ಬೆಳಗಾವಿಯಾಕೆ ಬಸಿಯುವುದಿಲ್ಲ, ಒಡೆದ ಹಾಲನ್ನು ನೀರಿನ ಸಮೇತ ಕೈ ಬಿಡದೆ ತಿರುವುತ್ತಾಳೆ. ಬತ್ತುತ್ತ ಬಂದ ಹಾಗೆ ತಿಳಿಯೊಳಗಿನ ಸಕ್ಕರೆ ಪ್ರೋಟೀನಿನ ಜೊತೆ ಸೇರಿ ಕಂದಿ, ಆ ಕಂದು ಬಣ್ಣ, ಆ ಸುಟ್ಟ ಹಾಲಿನ ಘಮ ಬರುತ್ತದೆ. ಕೊನೆಗೆ ಬೀಳುವ ಸಕ್ಕರೆ ಪಾಕದ್ದು ಸಹಾಯ ಅಷ್ಟೇ. ನಾರ್ವೆ ದೇಶದಲ್ಲಿ ಇದೇ ಬುದ್ಧಿಯ ಇನ್ನೊಂದು ತಿಂಡಿಯಿದೆ. ಚೀಸ್ ಮಾಡಿ ಉಳಿದ ತಿಳಿಯನ್ನು ಗಂಟೆಗಟ್ಟಲೆ ಬತ್ತಿಸಿ ಕಂದು ಗಟ್ಟಿ ಮಾಡುತ್ತಾರೆ, ಬ್ರೂನೋಸ್ಟ್ ಎನ್ನುತ್ತಾರೆ. 1863ರಲ್ಲಿ ಆನ್ನೆ ಹೋವ್ ಎಂಬ ರೈತ ಹೆಂಗಸು ಆ ಬತ್ತುವ ತಿಳಿಗೆ ಕೆನೆ ಸುರಿದು ಅದರ ರುಚಿ ಏರಿಸಿದಳು. ಅವಳ ಹೆಸರು ಚರಿತ್ರೆಯಲ್ಲಿ ಉಳಿಯಿತು. ಕುಂದಾಕ್ಕೆ ಮೊದಲು ಮೊಸರು ಬಿಟ್ಟ ಹೆಂಗಸೋ ಗಂಡಸೋ, ಅವರ ಹೆಸರು ಯಾರೂ ಬರೆದಿಡಲಿಲ್ಲ.

ಇನ್ನು ಹಾಲು ಒಡೆದು ಗಟ್ಟಿಯನ್ನು ತಿನ್ನುವುದು ಕನ್ನಡ ನೆಲಕ್ಕೆ ಹೊಸದು ಎಂದುಕೊಂಡರೆ ಅದೂ ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕ್ಷೀರಪ್ರಕಾರ ಎಂಬ ಸಿಹಿ ಬರುತ್ತದೆ: ಕಾದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಬೆರೆಸಿ ಕರಿದು, ಸಿಹಿ ಸೇರಿಸುವುದು. ಇವತ್ತಿನ ಬಸವಕಲ್ಯಾಣದ ಅರಮನೆಯ ಅಡುಗೆಮನೆಯಲ್ಲಿ ರಸಗುಲ್ಲದ ದೊಡ್ಡಪ್ಪ ಇದ್ದ ಎನ್ನಬಹುದು. ಅರಮನೆಯ ಈ ರುಚಿ ಊರಮನೆಗಳಿಗೆ ಇಳಿಯಲಿಲ್ಲ. ನಮ್ಮ ಹೆಂಗಸರು ಮೊಸರು, ಮಜ್ಜಿಗೆಯ ದಾರಿಯಲ್ಲೇ ನಡೆದರು.

ತಿಳಿಯ ಬಗ್ಗೆ ಈ ದೇಶದಲ್ಲಿ ನಡೆದ ಅತ್ಯಂತ ಗಂಭೀರ ಚರ್ಚೆ ಅಡುಗೆಮನೆಯಲ್ಲಿ ನಡೆದದ್ದಲ್ಲ, ಯಜ್ಞಶಾಲೆಯಲ್ಲಿ. ಚಾತುರ್ಮಾಸ್ಯ ಯಾಗಗಳಲ್ಲಿ ಮೊದಲನೆಯದಾದ ವೈಶ್ವದೇವದಲ್ಲಿ ಕಾದ ಹಾಲಿಗೆ ಮೊಸರು ಹಾಕುತ್ತಾರೆ. ಗಟ್ಟಿಯಾದದ್ದು ಆಮಿಕ್ಷಾ, ಅದು ವಿಶ್ವೇದೇವರಿಗೆ. ಉಳಿದ ನೀರು ವಾಜಿನ, ಅದು ವಾಜಿಗಳೆಂಬ ದೇವತೆಗಳಿಗೆ. ಮೀಮಾಂಸಕರು ಕೇಳಿದರು: ಹಾಲಿಗೆ ಮೊಸರು ಹಾಕಿದ್ದು ಯಾವುದಕ್ಕೋಸ್ಕರ? ಗಟ್ಟಿಗೋ, ನೀರಿಗೋ, ಎರಡಕ್ಕೂನೋ? ತೀರ್ಪು ಹೀಗಾಯಿತು: ಗಟ್ಟಿಗೋಸ್ಕರ. ನೀರು ತಾನಾಗಿ ಹಿಂದೆ ಬಂದದ್ದು. ಇದರಿಂದ ಆಚರಣೆಯಲ್ಲಿ ಏನು ವ್ಯತ್ಯಾಸ ಎಂದರೆ, ಗಟ್ಟಿ ಹಾಳಾದರೆ ಇನ್ನೊಮ್ಮೆ ಹಾಲು ಒಡೆಯಬೇಕು, ನೀರು ಚೆಲ್ಲಿಹೋದರೆ ಅದಕ್ಕೋಸ್ಕರ ಮತ್ತೆ ಒಡೆಯಬೇಕಿಲ್ಲ. ಜೈಮಿನಿಯ ಸೂತ್ರಗಳ ಈ ಬಗೆಯ ಚರ್ಚೆಗಳನ್ನೆಲ್ಲ 14ನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲೆ ಎಂಬ ಹೆಸರಿನಲ್ಲಿ ಪೋಣಿಸಿಕೊಟ್ಟರು. ನನಗೆ ಹಿಡಿಸಿದ್ದು ತೀರ್ಪಿಗಿಂತ ಅದರ ಇನ್ನೊಂದು ಮಗ್ಗುಲು. ಉಪ ಉತ್ಪನ್ನ ಎಂದು ಒಪ್ಪಿಕೊಂಡ ಮೇಲೂ ಆ ನೀರಿಗೆ ಒಬ್ಬ ದೇವತೆಯನ್ನು ಹುಡುಕಿ ಕೊಟ್ಟಿದ್ದರಲ್ಲ. ಸಿಂಕು ಎಂಬ ದೇವತೆ ಆಗಿನ್ನೂ ಹುಟ್ಟಿರಲಿಲ್ಲ.

ಈಗ ಆ ದೇವತೆಗೆ ದಿನವೂ ನೈವೇದ್ಯ. ನನ್ನ ಬಾಲ್ಯದಲ್ಲಿ ಪನೀರ್ ಎಂದರೆ ಮದುವೆಮನೆಯಲ್ಲಿ ಚಿಮುಕಿಸುವ ಗುಲಾಬಿ ನೀರು. ಈಗ ಸಂಜೆ ಏಳಾದರೆ ಯಾವ ದರ್ಶಿನಿಯಲ್ಲಾದರೂ ‘ನಾರ್ತ್ ಇಂಡಿಯನ್’ ಕೌಂಟರು ತೆರೆಯುತ್ತದೆ. ಪೀಣ್ಯದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಬಂದವರು ನಮ್ಮ ಓಣಿಗಳಲ್ಲೇ ಮನೆ ಮಾಡಿದ್ದಾರೆ. ನಮ್ಮ ಮಕ್ಕಳಿಗೂ ಹುಟ್ಟುಹಬ್ಬಕ್ಕೆ ಪನೀರ್ ಬಟರ್ ಮಸಾಲಾನೇ ಆಗಬೇಕು. ಹೋದ ವರ್ಷ ಒಂದು ಸಮಾರಂಭಕ್ಕೆ ಅಡುಗೆ ಒಪ್ಪಿಸಿದ್ದೆವು. ಹಿತ್ತಲ ಬಾಗಿಲಲ್ಲಿ ನಾನು ನಿಂತಿದ್ದಾಗಲೇ ಎರಡು ದೊಡ್ಡ ಕೊಳಗ ಬಿಸಿ ತಿಳಿಯನ್ನು ಮೋರಿಗೆ ಬಗ್ಗಿಸಿದರು. "ಅಯ್ಯೋ, ಒಂದು ಕೊಡ ನನಗೆ ಕೊಡ್ರಪ್ಪ" ಅಂದೆ. ಭಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಸು ಸಾಕಿದೀರಾ ಅಮ್ಮಾ?" ಎಂದರು.

ಮೋರಿಗೆ ಬಿಟ್ಟರೆ ಏನಾಗುತ್ತದೆ? ಆ ನೀರಿನ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಸುತ್ತಲಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಅದನ್ನು ಅಳೆಯುವ ಮಾನಕ್ಕೆ ಬಿಒಡಿ ಎನ್ನುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ ಇನ್ನೂರು-ಮುನ್ನೂರು ಮಿಲಿಗ್ರಾಂ ಇದ್ದರೆ, ತಿಳಿಯಲ್ಲಿ ಮೂವತ್ತು ಸಾವಿರಕ್ಕೂ ಮೇಲೆ. ಒಂದು ಲೀಟರ್ ತಿಳಿ ನೂರು ಲೀಟರ್ ಚರಂಡಿ ನೀರಿಗೆ ಸಮ. ನಮ್ಮ ಊರ ಹೆಸರಿನ ಕೊನೆಯಲ್ಲಿರುವುದು ಕುಂಟೆ, ನೀರು ನಿಲ್ಲುವ ಜಾಗ. ರಾಜಕಾಲುವೆ ಪಕ್ಕ ಮೂಗು ಮುಚ್ಚಿಕೊಂಡು ಓಡಾಡುವ ನಮಗೆ ಹೆಚ್ಚು ಹೇಳಬೇಕಿಲ್ಲ.

"ಮಜ್ಜಿಗೆಗೆ ಹೋದವನಿಗೆ ಎಮ್ಮೆ ಕ್ರಯ ಯಾಕೆ" ಎಂದು ನೀವು ಕೇಳಬಹುದು. ಆದರೆ ಎಮ್ಮೆಯ ಮಾತೂ ಸ್ವಲ್ಪ ಆಗಲಿ, ಯಾಕೆಂದರೆ ನಾವು ಕೂತಿರುವ ಜಾಗ ಅಂಥದ್ದು. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಹೆಸರಘಟ್ಟ. ಹೋರಿಗಳ ವೀರ್ಯವನ್ನು ಶೀತದಲ್ಲಿ ಕಾಪಿಡುವ ಕೇಂದ್ರ ಸರ್ಕಾರದ ಸಂಸ್ಥೆ ಅಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾಯಿತು. ಸೀಮೆಹಸು ಮನೆಮನೆಗೆ ಬಂದದ್ದು, ಹಾಲು ಹೆಚ್ಚಿದ್ದು ಇಂಥ ಕೆಲಸದಿಂದ. ಅದೇ ಡೆನ್ಮಾರ್ಕ್ ಇವತ್ತು ಜಗತ್ತಿಗೆಲ್ಲ ತಿಳಿಯ ಪುಡಿ ಮಾರುವ ದೇಶಗಳಲ್ಲಿ ಒಂದು. ಈಚೆ ಕಡೆ ಹೆಬ್ಬಾಳದಲ್ಲಿ ಹೈನು ವಿಜ್ಞಾನ ಕಾಲೇಜು, ಯಲಹಂಕದಲ್ಲಿ ಹಾಲು ಮಹಾಮಂಡಳದ ಮದರ್ ಡೇರಿ. ಆಡುಗೋಡಿಯಲ್ಲಿ 1923ರಲ್ಲಿ ಹುಟ್ಟಿದ ಹೈನುಗಾರಿಕೆ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಬಂದು ಹಸು ಸಾಕುವ ಪಾಠ ಕಲಿತುಹೋದರು. 1955ರಲ್ಲಿ ಅದರ ಮುಖ್ಯ ಕೇಂದ್ರ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು, ಇಲ್ಲಿ ಪ್ರಾದೇಶಿಕ ಕೇಂದ್ರ ಉಳಿಯಿತು. 1970ರ ದಶಕದಲ್ಲೇ ನಮ್ಮ ಹೈನು ವಿಜ್ಞಾನಿಗಳು ತಿಳಿಯಿಂದ ‘ವೇವಿಟ್’ ಎಂಬ ಪಾನೀಯ ಮಾಡಿ ತೋರಿಸಿದ್ದರು. ಸ್ವಿಟ್ಜರ್ಲೆಂಡಿನವರು 1952ರಿಂದ ತಿಳಿಯ ಸೋಡಾವನ್ನು ರಿವೆಲ್ಲಾ ಎಂಬ ಹೆಸರಿನಲ್ಲಿ ಕುಡಿಯುತ್ತಿದ್ದಾರೆ. ನಮ್ಮದು ಬೇಕರಿಯ ಫ್ರಿಜ್ಜಿನವರೆಗೂ ಬರಲಿಲ್ಲ.

ಇನ್ನು ಎರಡನೇ ಷರತ್ತು. ನಾನೇ ಮನೆಯಲ್ಲಿ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ, ಸೋತದ್ದನ್ನೂ ಸೇರಿಸಿ.

ಚಪಾತಿ ಹಿಟ್ಟು ಕಲಸುವುದಕ್ಕೆ ನೀರಿನ ಬದಲು ಇದು. ಮರುದಿನ ಡಬ್ಬಿ ತೆರೆದರೂ ಮೆತ್ತಗಿರುತ್ತದೆ. ಬೇಗ ಕೆಂಪಗಾಗುವುದರಿಂದ ಉರಿ ಸಣ್ಣಗಿರಲಿ. ರವೆ ಇಡ್ಲಿಗೆ ಮೊಸರು ಕಡಿಮೆ ಬಿದ್ದರೆ ತಿಳಿಯಿಂದ ತೆಳ್ಳಗೆ ಮಾಡಬಹುದು. ರಾಗಿ ಅಂಬಲಿಗೆ ಬಹಳ ಚೆನ್ನ. ರಾತ್ರಿ ಅಂಬಲಿ ಕಾಯಿಸಿ ಆರಿದ ಮೇಲೆ ತಿಳಿ ಬೆರೆಸಿ ಮುಚ್ಚಿಡಿ, ಬೆಳಿಗ್ಗೆ ಈರುಳ್ಳಿ ಹೆಚ್ಚಿ ಹಾಕಿಕೊಳ್ಳಿ. ಮುದ್ದೆಯ ಎಸರಿಗೂ ಹಾಕಿ ನೋಡಿದೆ. ನಮ್ಮ ಯಜಮಾನರು ಒಂದು ತುತ್ತು ನುಂಗಿ ಸುಮ್ಮನೆ ನನ್ನ ಮುಖ ನೋಡಿದರು. ಮುದ್ದೆಗೆ ನೀರೇ ಸರಿ.

ತೊಗರಿಬೇಳೆಯನ್ನು ತಿಳಿಯಲ್ಲಿ ಬೇಯಿಸಲು ಹೋಗಬೇಡಿ. ಕುಕ್ಕರು ಆರು ಸೀಟಿ ಹೊಡೆದರೂ ನನ್ನ ಬೇಳೆ ಕಾಳುಕಾಳಾಗಿಯೇ ಕೂತಿತ್ತು. ಹುಳಿ ಇದ್ದ ಕಡೆ ಬೇಳೆ ಕರಗುವುದಿಲ್ಲ, ಹುಣಸೆರಸವನ್ನು ಬೇಳೆ ಬೆಂದ ಮೇಲೆ ಹಾಕುವುದು ಅದಕ್ಕೇ. ತಿಳಿಯನ್ನೂ ಹಾಗೇ ಹಾಕಿ. ಬೆಂದ ಬೇಳೆಕಟ್ಟಿಗೆ ತಿಳಿ, ಸಾರಿನ ಪುಡಿ, ಒಂದು ಕುದಿ, ತುಪ್ಪದಲ್ಲಿ ಇಂಗು-ಸಾಸಿವೆ-ಕರಿಬೇವಿನ ಒಗ್ಗರಣೆ. ಹುಣಸೆಹಣ್ಣಿನ ಹುಳಿ ನಾಲಗೆಗೆ ಚುರುಕ್ ಎನ್ನುತ್ತದೆ, ಇದರ ಹುಳಿ ಗಂಟಲಿಗೆ ಇಳಿದ ಮೇಲೆ ತಿಳಿಯುತ್ತದೆ. ಬಾಳಕದ ಮೆಣಸಿನಕಾಯಿ ನೆನೆಸಲು ಹುಳಿ ಬಂದ ತಿಳಿ ಮಜ್ಜಿಗೆಗಿಂತ ಅನುಕೂಲ, ಬೇಗ ಒಣಗುತ್ತದೆ.

ಒಂದು ಲೋಟ ತಿಳಿಯನ್ನು ಹೊರಗಿಟ್ಟು ರಾತ್ರಿ ಹುಳಿಯಾಗಲು ಬಿಟ್ಟರೆ, ಮರುದಿನದ ಹಾಲನ್ನು ಒಡೆಯಲು ನಿಂಬೆಹಣ್ಣೇ ಬೇಡ. ಬಂಗಾಳಿ ಮಿಠಾಯಿಯವರು ಛೇನ ಮಾಡುವುದು ಹಾಗೇ. ನಿನ್ನೆಯ ತಿಳಿಯೇ ಇವತ್ತಿನ ಹಾಲಿಗೆ ಹುಳಿ.

ಎಚ್ಚರಿಕೆಯ ಮಾತು ಎರಡು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ತಿಳಿಯೂ ಉಬ್ಬರಿಸುತ್ತದೆ, ಕಾರಣ ಅದೇ ಲ್ಯಾಕ್ಟೋಸು. ಸಕ್ಕರೆ ಕಾಯಿಲೆಯವರು ಒಂದು ಲೋಟಕ್ಕೆ ಹತ್ತು ಗ್ರಾಂ ಸಕ್ಕರೆ ಎಂದು ಲೆಕ್ಕಕ್ಕೆ ಬರೆದುಕೊಳ್ಳಿ. ಇನ್ನೊಂದು, ನಾವಾಗಿ ಒಡೆದ ಹಾಲು ಬೇರೆ, ಬೇಸಿಗೆಯಲ್ಲಿ ಮರೆತು ಹೊರಗಿಟ್ಟು ತಾನಾಗಿ ಒಡೆದ ಹಾಲು ಬೇರೆ. ಅದಕ್ಕೆ ಬೆಲ್ಲ ಹಾಕಿ ಮಕ್ಕಳಿಗೆ ಕೊಡುವ ರೂಢಿ ಇತ್ತು. ವಾಸನೆ ಬಂದಿದ್ದರೆ ಕೊಡಬೇಡಿ. ಫ್ರಿಜ್ಜಿನಲ್ಲಿಟ್ಟ ತಿಳಿಯನ್ನು ಎರಡು ಮೂರು ದಿನದೊಳಗೆ ಮುಗಿಸಿ.

ಒಂಬತ್ತನೇ ವಯಸ್ಸಿನಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಅನ್ನ ಬಂದ್. ಡಾಕ್ಟರು ಹೇಳಿದ್ದರೋ ಅಜ್ಜಿಗೇ ತೋಚಿತ್ತೋ, ದಿನಕ್ಕೆ ಮೂರು ಸಲ ಹಾಲಿಗೆ ನಿಂಬೆ ಹಿಂಡಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಆ ನೀರನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ಒಂಬತ್ತು ವರ್ಷದವಳಿಗೆ ಒಳಲೆ! ಗಟ್ಟಿಯನ್ನು ಏನು ಮಾಡಿದರು ಎಂದು ಆಗ ಕೇಳಲಿಲ್ಲ. ತಮ್ಮನಿಗೆ ಬೆಲ್ಲ ಹಾಕಿ ಕೊಡುತ್ತಿದ್ದರೆಂದು ಮೊನ್ನೆ ಅವನೇ ಹೇಳಿದ. ಆ ಮನೆಯಲ್ಲಿ ಆ ಹದಿನೈದು ದಿನ ಹಾಲು ಒಡೆದದ್ದು ನೀರಿಗೋಸ್ಕರ. ಮೀಮಾಂಸಕರು ನಮ್ಮ ಮನೆಗೆ ಬಂದಿದ್ದರೆ ತೀರ್ಪು ತಿರುಗಿಸಿ ಬರೆಯಬೇಕಾಗುತ್ತಿತ್ತು.

ಗಂಟಿನಿಂದ ತೊಟ್ಟಿಕ್ಕುವುದು ನಿಂತಿದೆ. ಈ ಪಾತ್ರೆಯಲ್ಲಿರುವುದಕ್ಕೆ, ಮನೆಯಿಂದ ಕ್ಯಾನಿನಲ್ಲಿ ತಂದ ನಾಲ್ಕು ಲೀಟರನ್ನೂ ಸೇರಿಸುತ್ತೇನೆ. ಜೀರಿಗೆ ಪುಡಿ, ಶುಂಠಿ ರಸ, ಉಪ್ಪು, ಒಂದು ಹಸಿಮೆಣಸಿನಕಾಯಿ ಜಜ್ಜಿದ್ದು, ಕರಿಬೇವು ಎಲ್ಲ ಈ ಡಬ್ಬಿಯಲ್ಲಿದೆ. ಕಾರ್ಯದರ್ಶಿಗಳೇ, ಲೋಟಗಳನ್ನು ಹಿಂದಿನ ಸಾಲಿನಿಂದ ಕೊಡುತ್ತಾ ಬನ್ನಿ, ಮುಂದಿನವರು ಆಗಲೇ ವಾಸನೆ ಕುಡಿದಿದ್ದಾರೆ. ಪನೀರನ್ನು ನಾನು ಮನೆಗೆ ಒಯ್ಯುತ್ತೇನೆ, ನೀರು ನಿಮಗೆ.